ನೀರು ಕೊಟ್ಟು ಕಳಿಸುವ ಮನೆಗಳು

ಆ ವರ್ಷ ಪಂಚಮಿ ಮುಗಿದ ಮರುದಿನ ನಮ್ಮ ಅತ್ತೆ ಮೊರದಲ್ಲಿ ಅಕ್ಕಿ, ಒಂದು ರವಿಕೆಯ ಖಣ, ಕೊಬ್ಬರಿ ಬಟ್ಟಲು ಇಟ್ಟುಕೊಂಡು ಮಗಳ ಮುಂದೆ ಬಂದು ನಿಂತರು. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಗಳನ್ನು ತಿರುಗಿ ಕಳಿಸುವಾಗ ನಮ್ಮ ಕಡೆ ಆಕೆಯ ಸೆರಗಿನಲ್ಲಿ ಇಷ್ಟನ್ನು ಹಾಕಿ ಉಡಿ ತುಂಬುತ್ತಾರೆ. ಇದ್ದವರು ಮೇಲೊಂದು ಸೀರೆ ಇಡುತ್ತಾರೆ, ಇಲ್ಲದವರು ಒಂದು ಹಿಡಿ ಅಕ್ಕಿಯಲ್ಲಿ ಮುಗಿಸುತ್ತಾರೆ. ಖಾಲಿ ಮಾತ್ರ ಕಳಿಸುವುದಿಲ್ಲ.

ಮಗಳು, ಅಂದರೆ ನನ್ನ ನಾದಿನಿ, ಕೂತಲ್ಲಿಂದ ಎದ್ದಳು. "ನಾ ಎಲ್ಲಿಗೂ ಹೊಂಟಿಲ್ಲಲ್ಲ ಯವ್ವಾ. ಉಡಿ ಯಾಕ?" ಅಂದು ಹಿತ್ತಲಿಗೆ ಹೋಗಿಬಿಟ್ಟಳು.

ಅತ್ತೆ ಮೊರವನ್ನು ಒಳಗೆ ಒಯ್ದರು. ಆಮೇಲೆ ಅಕ್ಕಿಯನ್ನು ಡಬ್ಬಿಗೆ ಸುರಿದು, ಖಣವನ್ನು ಮಡಚಿ ಟ್ರಂಕಿನಲ್ಲಿಟ್ಟರು. ನಾನು ಒಲೆಯ ಮುಂದಿದ್ದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಅಂತ ತಿಳಿಯದೆ ಸೌಟನ್ನು ಪಾತ್ರೆಗೆ ಕುಟ್ಟಿದೆ. ನನ್ನ ಸಿಟ್ಟು ಸಾಮಾನ್ಯವಾಗಿ ಪಾತ್ರೆಗಳ ಮೇಲೇ ಮುಗಿಯುತ್ತದೆ.

ನಾದಿನಿ ಕಕ್ಕೇರಾದ ಗಂಡನ ಮನೆಯಿಂದ ಬಂದು ಆಗ ಒಂದು ವರ್ಷದ ಮೇಲಾಗಿತ್ತು. ಗಂಡ ಹೆಂಡತಿಗೆ ಹೊಂದಲಿಲ್ಲ. ಹೊಂದದೇ ಹೋಗುವುದು ಲೋಕದಲ್ಲಿ ಇದ್ದದ್ದೇ, ಕೋರ್ಟಿನಲ್ಲಿ ಬಿಡುಗಡೆಯೂ ಆಯಿತು, ಅದನ್ನೆಲ್ಲ ನಾವು ನುಂಗಿಕೊಂಡೆವು. ನುಂಗಲು ಆಗದ್ದು ಅವರು ಕಳಿಸಿದ ರೀತಿ. ಒಂದು ಮಧ್ಯಾಹ್ನ ಗಂಡ ನಡಿ ಅಂದನಂತೆ. ಈಕೆ ಕೈಚೀಲ ಹಿಡಿದು ಹೊರಬಿದ್ದಳು. ಆಕೆಯ ಅತ್ತೆ ಅನ್ನಿಸಿಕೊಂಡವಳು ಒಳಗೇ ಇದ್ದಳು, ಬಾಗಿಲಿಗೆ ಬರಲಿಲ್ಲ. ಕಕ್ಕೇರಾದ ಬಸ್‌ಸ್ಟ್ಯಾಂಡಿನ ತನಕ ಒಬ್ಬಳೇ ನಡೆದು, ಸುರಪುರದಲ್ಲಿ ಬಸ್ಸು ಬದಲಿಸಿ, ಶಹಾಪುರಕ್ಕೆ ಬಂದು ನಮ್ಮ ಮನೆ ಹೊಕ್ಕವಳು ಮಾತಿಲ್ಲದೆ ನೀರಿನ ಕೊಡದ ಹತ್ತಿರ ಹೋದಳು. ಎಷ್ಟು ಕುಡಿದಳೆಂದರೆ ನಮ್ಮ ಅತ್ತೆ ಹೆದರಿ ಆಕೆಯ ಬೆನ್ನ ಮೇಲೆ ಕೈಯಿಟ್ಟರು.

ಆ ಮನೆಯಲ್ಲಿ ಆಕೆಯ ಒಂದು ಹಸಿರು ಟ್ರಂಕು ಉಳಿಯಿತು. ಅದರಲ್ಲಿ ಕಂಪ್ಯೂಟರ್ ಡಿಪ್ಲೊಮಾದ ಅಂಕಪಟ್ಟಿಗಳಿದ್ದವು. ಅವಿಲ್ಲದೆ ಎಲ್ಲಿಯೂ ಕೆಲಸಕ್ಕೆ ಸೇರುವಂತಿರಲಿಲ್ಲ. ನಮ್ಮ ಯಜಮಾನರು, ಅಂದರೆ ಆಕೆಯ ಅಣ್ಣ, ಬೀಜದ ಅಂಗಡಿಯಲ್ಲಿ ರಜೆ ಹಾಕಿ ಒಮ್ಮೆ ತರಲು ಹೋದರು. "ಆಕಿದು ಆಕಿ ಬಂದು ಒಯ್ಯಲಿ" ಅಂತ ಆ ಮನೆಯವರು ಬಾಗಿಲಿನಿಂದಲೇ ವಾಪಸ್ ಕಳಿಸಿದರು. ನಾದಿನಿ ಆ ಹೊಸ್ತಿಲಿಗೆ ಮತ್ತೆ ಹೋಗಿ ನಿಲ್ಲುವುದಿಲ್ಲ ಅಂದಳು. ಕಳೆದಿದೆ ಅಂತ ಬರೆದುಕೊಟ್ಟು ಬೇರೆ ಪ್ರತಿ ತೆಗೆಸೋಣ ಅಂತ ನಾನು ಹೇಳಿದೆ. "ಕಳದಿಲ್ಲಲ್ಲ ವೈನಿ. ಎಲ್ಲದ ಅಂತ ಗೊತ್ತದ. ಸುಳ್ಳ ಹ್ಯಾಂಗ ಬರೀಲಿ?" ಅಂದಳು. ಇಂಥವರ ಜೊತೆ ಏನು ಮಾಡುವುದು? ಹಟ ಅಂದರೆ ಹಟ.

ಒಂದು ಹಸಿರು ಟ್ರಂಕು ಆಕೆಯ ಮುಂದಿನ ದಿನಗಳನ್ನೆಲ್ಲ ಹಿಡಿದುಕೊಂಡು ಕಕ್ಕೇರಾದಲ್ಲಿ ಕೂತಿತ್ತು. ಈಕೆ ನಮ್ಮ ಪಡಸಾಲೆಯಲ್ಲಿ ಕೂತು ತೊಗರಿ ಆರಿಸುತ್ತಿದ್ದಳು. ಮನೆಯ ತೊಗರಿ ಮುಗಿದರೆ ಪಕ್ಕದ ಮನೆಯದನ್ನು ತಂದು ಆರಿಸುತ್ತಿದ್ದಳು. ನಮ್ಮ ಓಣಿಯಲ್ಲಿ ಆ ವರ್ಷ ಬೇಳೆಯಲ್ಲಿ ಯಾರಿಗೂ ಕಲ್ಲು ಸಿಕ್ಕಿರಲಿಕ್ಕಿಲ್ಲ.

ನನ್ನ ಕೆಲಸದ ವಿಷಯ ಹೇಳಬೇಕು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಸುಗ್ಗಿಯಲ್ಲಿ ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಕೂರುತ್ತದೆ, ಹಳೆಯ ಟೂತ್‌ಬ್ರಷ್ಷಿನಿಂದ ತೆಗೆಯುತ್ತಾ ಇರಬೇಕು. ಅಲ್ಲಿ ಕೂತು ನಾನು ದೊಡ್ಡ ಕಂಪನಿಗಳ ವೆಬ್‌ಸೈಟು, ಆ್ಯಪುಗಳಲ್ಲಿ ಕಿಂಡಿ ಹುಡುಕುತ್ತೇನೆ. ಕಳ್ಳರಿಗೆ ಸಿಗುವ ಮೊದಲು ನೀವು ನೋಡಿ ನಮಗೆ ಹೇಳಿ, ಬಹುಮಾನ ಕೊಡುತ್ತೇವೆ ಅಂತ ಆ ಕಂಪನಿಗಳೇ ಹೊರಗಿನವರನ್ನು ಕರೆಯುತ್ತವೆ. ಬಗ್ ಬೌಂಟಿ ಅನ್ನುತ್ತಾರೆ. ಈ ಕೋಣೆ ನೋಡಿ, ಆ ಕೋಣೆಗೆ ಕಾಲಿಡಬೇಡಿ ಅಂತ ಒಬ್ಬೊಬ್ಬರದು ಒಂದೊಂದು ಕರಾರು ಇರುತ್ತದೆ. ಕರಾರಿನೊಳಗೆ ಇದ್ದರೆ ಅದು ನಾಲ್ಕು ಮಂದಿಗೆ ಹೇಳಿಕೊಳ್ಳುವಂಥ ಕೆಲಸವೇ. ಓಣಿಯಲ್ಲಿ ಮಾತ್ರ ಕೆಲವರು ನನ್ನನ್ನು ಕಂಪ್ಯೂಟರ್ ಕಳ್ಳಿ ಅಂತಲೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ, ಸ್ವಲ್ಪ ಹೆದರಿಕೆ ಇರಲಿ.

ತೊಗರಿಯ ಮುಂದಿನಿಂದ ಎಬ್ಬಿಸಲೇಬೇಕು ಅಂತ ನಾದಿನಿಯನ್ನು ನನ್ನ ಪಕ್ಕ ಕೂರಿಸಿಕೊಂಡೆ. ನಾನು ಮೂರನೆಯ ಸಲಕ್ಕೆ ಬೈದು ಏಳುವಲ್ಲಿ ಆಕೆ ಸುಮ್ಮನೆ ಕೂತು ನಾಲ್ಕನೆಯ ಸಲ ನೋಡುತ್ತಿದ್ದಳು. ಒಂದು ಸಾಮಾನು ಮಾರುವ ಆ್ಯಪಿನಲ್ಲಿ ಒಬ್ಬರ ಮನೆ ವಿಳಾಸ ಇನ್ನೊಬ್ಬರಿಗೆ ಕಾಣುವ ಕಿಂಡಿಯನ್ನು ಆಕೆಯೇ ಹಿಡಿದಳು. ವರದಿಯನ್ನೂ ತಾನೇ ಬರೆದಳು, ಮದುವೆ ಕಾಗದ ಬರೆಯುವಷ್ಟು ಕಾಳಜಿಯಿಂದ. ಮರುದಿನ ಉತ್ತರ ಬಂತು. "ಅನ್ವಯಿಸುವುದಿಲ್ಲ. ಮುಚ್ಚಲಾಗಿದೆ." ಅಷ್ಟೇ. ಯಾಕೆ ಅಂತ ಇಲ್ಲ, ಹೆಸರಿಲ್ಲ, ನಮಸ್ಕಾರವಿಲ್ಲ.

ಆಕೆ ಆ ಉತ್ತರವನ್ನು ಎರಡು ಸಲ ಓದಿದಳು. ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಇಳಿಸಿ ಮತ್ತೆ ತೊಗರಿಯ ಮುಂದೆ ಹೋಗಿ ಕೂತಳು.

"ನಮ್ಮ ಕಸುಬಿನ್ಯಾಗ ಒಪ್ಪೋದಕ್ಕಿಂತ ತಳ್ಳಿಹಾಕೋದೇ ಜಾಸ್ತಿ ಅದ ತಂಗಿ. ಮನಸಿಗೆ ಹಚಗೋಬ್ಯಾಡ" ಅಂದೆ.

"ಗೊತ್ತದ ವೈನಿ" ಅಂದಳು. ಗೊತ್ತಿರುವುದಕ್ಕೂ ತಾಳಿಕೊಳ್ಳುವುದಕ್ಕೂ ಎಷ್ಟು ದೂರ ಅಂತ ನನಗೆ ಆಕೆಯ ಬೆನ್ನು ನೋಡಿದಾಗ ತಿಳಿಯಿತು.

ಅಷ್ಟರಲ್ಲಿ ಎಐ ಏಜೆಂಟುಗಳು ಬಂದವು. ಹೇಳಿದ ಕೆಲಸವನ್ನು ತಾವೇ ಪುಟ ತೆರೆದು, ಒತ್ತಿ, ಪರೀಕ್ಷಿಸಿ, ಕೊನೆಗೆ ವರದಿಯನ್ನೂ ಬರೆಯುವ ತಂತ್ರಾಂಶಗಳು. ಶಹಾಪುರದಲ್ಲಿ ಒಂದು ಲ್ಯಾಪ್‌ಟಾಪಿಟ್ಟುಕೊಂಡು ಕೂತ ನನ್ನಂಥವಳಿಗೆ ಇನ್ನೊಂದು ಜೊತೆ ಕೈ ಬಂದ ಹಾಗಾಯಿತು. ಆದರೆ ಆ ಕೈಗಳು ಎಲ್ಲರಿಗೂ ಬಂದಿದ್ದವು. ಕಂಪನಿಗಳ ಬಾಗಿಲಲ್ಲಿ ಯಂತ್ರ ಬರೆದ ಪೊಳ್ಳು ವರದಿಗಳ ರಾಶಿ ಬೀಳತೊಡಗಿತು. ಕೆಲವರು ಏಜೆಂಟುಗಳಿಗೆ ಪ್ರವೇಶವಿಲ್ಲ ಅಂತ ಬರೆದು ಹಾಕಿದರು. ಕೆಲವರು ಬನ್ನಿ, ಆದರೆ ಮನುಷ್ಯರು ಓದಿ ನೋಡಿ ಕಳಿಸಿ ಅಂದರು. ಇನ್ನು ಕೆಲವರು ಏನೂ ಹೇಳದೆ ಇದ್ದು, ಹೋದ ಮೇಲೆ ಬೈದರು.

ಅದಕ್ಕೆ ನಾನು ಒಂದು ಸಾಧನ ಬರೆಯಲು ಕೂತೆ. ಅದು ಒಂದೊಂದು ಕಂಪನಿಯ ಕರಾರು ಓದಿ ಅಂಕ ಕೊಟ್ಟು, ಏಜೆಂಟನ್ನು ಮೊದಲು ಯಾರ ಬಳಿ ಕಳಿಸಬೇಕು, ಯಾರ ಬಳಿ ಕಳಿಸಲೇಬಾರದು ಅಂತ ಸಾಲಾಗಿ ಜೋಡಿಸಬೇಕು. ಏಜೆಂಟಿಗೆ ಅನುಮತಿ ಇದೆಯೇ, ಗಡಿ ಸ್ಪಷ್ಟವಾಗಿದೆಯೇ, ಬೇಗ ಉತ್ತರಿಸುತ್ತಾರೆಯೇ, ಬಹುಮಾನ ಹೇಗೆ ಅಂತೆಲ್ಲ ಅದರಲ್ಲಿ ಹಾಕಿದೆ. ಬಹಳ ಜಾಣತನದ ಕೆಲಸ ಮಾಡುತ್ತಿದ್ದೇನೆ ಅಂತ ನನಗೇ ಅನ್ನಿಸಿತ್ತು.

ಅತ್ತೆ ರೊಟ್ಟಿ ಬಡಿಯುತ್ತಾ ಕೇಳಿದರು, "ಏನು ಬರಿಯಾಕತ್ತೀದಿ ಇಷ್ಟು ದಿನದಿಂದ?"

"ನಮ್ಮ ಏಜೆಂಟನ್ನ ಯಾವ ಮನಿಗಿ ಕಳಸಬೇಕು, ಯಾವ ಮನಿಗಿ ಕಳಸಬಾರದು ಅಂತ ನೋಡಿ ಹೇಳತದ ಅತ್ತಿ ಇದು."

"ಹಂಗಂದ್ರ ಮನಿ ನೋಡೋದು ಅನ್ನು."

ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರು ಹುಡುಗನ ಊರಿಗೆ ಹೋಗಿ ಹೊಲ, ದನ, ಮಂದಿ ಎಲ್ಲ ನೋಡಿಕೊಂಡು ಬರುತ್ತಾರಲ್ಲ, ಅದು ಮನಿ ನೋಡೋದು. "ಹೌದ್ರಿ, ಹಂಗೇ!" ಅಂತ ನಾನು ನಕ್ಕೆ. ನಕ್ಕ ಮೇಲೆ ನಾಲಿಗೆ ಕಚ್ಚಿಕೊಂಡೆ. ರೊಟ್ಟಿಯ ಮೇಲೆ ಅತ್ತೆಯ ಅಂಗೈ ನಿಂತಿತ್ತು.

"ನಾವೂ ನೋಡಿದ್ವಿ" ಅಂದರು ಮೆಲ್ಲಗೆ.

ನೋಡಿದ್ದೆವು, ಹೌದು. ಟಂಟಂ ಗಾಡಿ ಮಾಡಿಕೊಂಡು ಮನೆಮಂದಿಯೆಲ್ಲ ಕಕ್ಕೇರಾಕ್ಕೆ ಹೋಗಿದ್ದೆವು. ನೀರಾವರಿ ಗದ್ದೆ ನೋಡಿದೆವು, ಕಲ್ಲಿನ ಮನೆ ನೋಡಿದೆವು, ಹೋಳಿಗೆ ಉಂಡೆವು. ಬಂಗಾರದಂಥ ಮಂದಿ ಅಂತ ದಾರಿಯುದ್ದಕ್ಕೂ ಹೊಗಳುತ್ತಾ ಬಂದಿದ್ದೆವು. ನಾನೂ ಹೊಗಳಿದವಳೇ.

ತೊಗರಿಯ ಮುಂದಿನಿಂದ ನಾದಿನಿ ತಲೆ ಎತ್ತದೆ ಅಂದಳು, "ನೀವು ನೋಡಿದ್ದು ಹ್ಯಾಂಗ ಕರಕೊಂತಾರ ಅಂತ. ಹ್ಯಾಂಗ ಕಳಸ್ತಾರ ಅಂತ ಯಾರು ನೋಡಿದ್ರಿ?"

ಸಿಟ್ಟಿನಲ್ಲಿ ಅಂದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಆಕೆ ನಾನು ಬರೆದದ್ದರಲ್ಲಿ ಒಂದು ತಪ್ಪು ತೋರಿಸುವ ದನಿಯಲ್ಲೇ ಅಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದು ಅತ್ತೆ ಅದನ್ನು ತಿರುವಿಹಾಕಿದರು.

ನಾನು ಪರದೆಯ ಕಡೆ ತಿರುಗಿದೆ. ನಾನು ಬರೆದದ್ದೆಲ್ಲ ಕರೆದುಕೊಳ್ಳುವ ಲೆಕ್ಕವೇ ಆಗಿತ್ತು. ಯಾವ ಮನೆ ಬೇಡ ಅನ್ನುವಾಗ ಹೇಗೆ ಅನ್ನುತ್ತದೆ ಅನ್ನುವುದು ಎಲ್ಲಿಯೂ ಇರಲಿಲ್ಲ. ಬೇಡ ಅನ್ನಿಸಿಕೊಳ್ಳುವುದೇ ಹೆಚ್ಚಿರುವ ಕಸುಬಿನಲ್ಲಿ ಅದನ್ನೇ ಬಿಟ್ಟಿದ್ದೆ.

"ಬಾ ಇಲ್ಲಿ" ಅಂದೆ. "ನನ್ನ ಕೆಲಸದಾಗ ತಪ್ಪು ಹಿಡದೀದಿ. ಈಗ ನೀನೇ ಸರಿಮಾಡು."

ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮಡಿಲಿನ ಕಾಳು ಕೊಡವಿ ಎದ್ದು ಬಂದಳು.

ಕೆಲವು ಕಂಪನಿಗಳು ಹಳೆಯ ವರದಿಗಳನ್ನೂ ತಾವು ಕೊಟ್ಟ ಉತ್ತರಗಳನ್ನೂ ಎಲ್ಲರಿಗೂ ಕಾಣುವ ಹಾಗೆ ತೆರೆದಿಡುತ್ತವೆ. ನಾದಿನಿ ಅವುಗಳಲ್ಲಿ ತಳ್ಳಿಹಾಕಿದವನ್ನಷ್ಟೇ ಆರಿಸಿ ಓದಲು ಶುರುಮಾಡಿದಳು. ಮೊದಲ ದಿನ ನನಗೆ ಹೆದರಿಕೆಯಾಗಿತ್ತು, ಹುಣ್ಣನ್ನು ಮತ್ತೆ ಕೆರೆದುಕೊಳ್ಳುತ್ತಾಳೆ ಅಂತ. ಆದರೆ ಆಕೆ ಓದುತ್ತಾ ಹೋದ ಹಾಗೆ ನನ್ನನ್ನು ಕರೆಯತೊಡಗಿದಳು. "ವೈನಿ, ಇಲ್ಲಿ ನೋಡ್ರಿ. ಯಾವನೋ ಪಾಪ ಎಷ್ಟು ಬರದಾನ. ಒಂದು ಮಾತೂ ಹೇಳದ ಮುಚ್ಯಾರ." ಇನ್ನೊಮ್ಮೆ, "ಈಕಿ ನೋಡ್ರಿ, ನಿಮ್ಮಂಗೇ ಜಗಳಕ್ಕ ನಿಂತಾಳ." ಯಾವ ದೇಶದವರೋ ಏನೋ, ಬಾಗಿಲಿನಿಂದ ತಿರುಗಿ ಹೋದವರು ಆಕೆಗೆ ದಿನಕ್ಕೆ ನೂರಾರು ಮಂದಿ ಸಿಗತೊಡಗಿದರು. ತಾನೊಬ್ಬಳೇ ಅಲ್ಲ ಅನ್ನುವುದು ನಾವು ಬಾಯಿಮಾತಿನಲ್ಲಿ ಹೇಳಿದರೆ ಆಕೆ ಕೇಳುತ್ತಿರಲಿಲ್ಲ. ಅಲ್ಲಿ ಕಣ್ಣಾರೆ ಕಂಡಳು.

ಅಂಕ ಕೊಡು ಅಂದರೆ ಆಕೆ ಅಂಕದ ಪಕ್ಕ ತನ್ನದೇ ಮಾತು ಬರೆದಿಟ್ಟಳು. ಕಾರಣ ಹೇಳದೆ ಮುಚ್ಚಿದವರಿಗೆ "ಒಳಗ ಇದ್ದೂ ಹೊರಗ ಬರಲಿಲ್ಲ" ಅಂತ. ಬಿರುಸಾಗಿ ಹೇಳಿ ಕಳಿಸಿದವರಿಗೆ "ಬಾಗಿಲಾಗ ನಿಂದ್ರಿಸಿ ಮಾತಾಡಿದ್ರು" ಅಂತ. ಯಾಕೆ ಬೇಡ ಅಂತ ತಿಳಿಸಿ ಹೇಳಿದವರಿಗೆ "ನೀರು ಕೊಟ್ಟು ಕಳಸಿದ್ರು." ಬೇಡ ಅಂದರೂ ನಿಮ್ಮ ಕೆಲಸದಲ್ಲಿ ಇಂಥದ್ದು ಚೆನ್ನಾಗಿದೆ, ಮತ್ತೆ ಬನ್ನಿ ಅಂದವರಿಗೆ "ಉಡಿ ತುಂಬಿ ಕಳಸಿದ್ರು." ಈ ಕೊನೆಯವರು ಬಹಳ ಕಡಿಮೆ ಇದ್ದರು. ಒಬ್ಬರು ಸಿಕ್ಕರೆ ಆ ದಿನ ಆಕೆ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು.

"ಇದನ್ನ ಆ ಏಜೆಂಟಿಗಿ ಹ್ಯಾಂಗ ತಿಳಸ್ಲಿ ಮಾರಾಯ್ತಿ?" ಅಂತ ಕಾಡಿಸಿದೆ.

"ಅದಕ್ಕ ಕನ್ನಡ ಬರ್ತದಲ್ರಿ. ಕೊಟ್ಟು ನೋಡ್ರಿ."

ಕೊಟ್ಟೆ. ಯಾವ ಮನೆಗೆ ಹೋಗುತ್ತಿದೆ, ಅಲ್ಲಿನವರ ಸ್ವಭಾವ ಏನು ಅಂತ ಅದಕ್ಕೆ ಮೊದಲೇ ತಿಳಿದಿರಲಿ ಅಂತ ಆಕೆಯ ಮಾತುಗಳನ್ನೆಲ್ಲ ಹಾಗೇ ಅದಕ್ಕೆ ಓದಲು ಕೊಟ್ಟೆ. ಜೊತೆಗೆ ಆಕೆ ಒಂದು ಸೂಚನೆಯನ್ನೂ ಬರೆದಿದ್ದಳು. ನಮ್ಮದನ್ನು ಒಪ್ಪದಿದ್ದರೂ ನೀರು ಕೊಟ್ಟು ಕಳಿಸುವವರ ಹತ್ತಿರವೇ ಹೋಗು ಅಂತ.

ಏಜೆಂಟು ಸಾಲಿನಲ್ಲಿ ಮೇಲಿದ್ದ ಒಂದು ಕಂಪನಿಗೆ ಹೋಯಿತು, ಒಂದು ಕಿಂಡಿ ಹಿಡಿಯಿತು, ವರದಿ ಬರೆಯಿತು. ನಾದಿನಿ ಕಿಂಡಿಯ ಭಾಗವನ್ನೆಲ್ಲ ತಾನೂ ಮಾಡಿ ನೋಡಿ ಸರಿ ಅಂದಳು. ನಾನು ಕಳಿಸುವ ಗುಂಡಿ ಒತ್ತಿದೆ. ಕಳಿಸಿದ ಮೇಲೆ ಕೊನೆಯ ಸಾಲಿಗೆ ಕಣ್ಣು ಹೋಯಿತು. ನಯವಾದ ಇಂಗ್ಲಿಷಿನಲ್ಲಿ ಅದು ಬರೆದಿತ್ತು: ಈ ವರದಿಯನ್ನು ನೀವು ಒಪ್ಪದೇ ಇರಬಹುದು, ಹಾಗಿದ್ದರೆ ದಯವಿಟ್ಟು ನಮಗೆ ನೀರು ಕೊಟ್ಟು ಕಳಿಸಿ.

ನಾನು ಕೂಗಿದ್ದು ಜಿನ್ನಿಂಗ್ ಫ್ಯಾಕ್ಟರಿಗೂ ಕೇಳಿಸಿರಬೇಕು. ಏಜೆಂಟಿಗೆ ಬೈದೆ, ಲ್ಯಾಪ್‌ಟಾಪಿಗೆ ಬೈದೆ, ನೀರಿಗೆ ಬೈದೆ. ಇಷ್ಟು ವರ್ಷ ಕಟ್ಟಿದ ಹೆಸರು ಹೋಯಿತು, ಅವರು ಓದಿ ಬಿದ್ದು ಬಿದ್ದು ನಗುತ್ತಾರೆ ಅಂದೆ. ನಾದಿನಿಯ ಮುಖ ಸಣ್ಣದಾಯಿತು. "ನಂದೇ ತಪ್ಪು. ನಾ ಹಂಗ ಬರೀಬಾರದಿತ್ತು" ಅಂದಳು. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಇಳಿಯಿತು, ಆದರೆ ಆಡಿದ ಮೇಲೆ ಇಳಿದರೆ ಏನು ಬಂತು?

ಉತ್ತರ ಬಂದಾಗ ಓದಲು ಇಬ್ಬರಿಗೂ ಧೈರ್ಯವಿರಲಿಲ್ಲ. ಅತ್ತೆ ಬಂದು ನಡುವೆ ಕೂತರು. ನಾನೇ ಓದಿ ಕನ್ನಡದಲ್ಲಿ ಹೇಳಿದೆ. ಇದೇ ಕಿಂಡಿಯನ್ನು ನಿಮಗಿಂತ ಮೊದಲು ಇನ್ನೊಬ್ಬರು ಹೇಳಿದ್ದಾರೆ, ಆದ್ದರಿಂದ ಒಪ್ಪಿಕೊಳ್ಳಲು ಆಗುವುದಿಲ್ಲ, ಕ್ಷಮಿಸಿ. ಆದರೆ ನೀವು ಹಂತಹಂತವಾಗಿ ತೋರಿಸಿದ ರೀತಿ ಅವರದ್ದಕ್ಕಿಂತ ಸ್ಪಷ್ಟವಾಗಿತ್ತು, ಸರಿಪಡಿಸುವಾಗ ನಿಮ್ಮದನ್ನೇ ಮುಂದಿಟ್ಟುಕೊಂಡೆವು. ನೀರಿನ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಕೇಳಿದ್ದೀರಿ, ಕೊಟ್ಟಿದ್ದೇನೆ ಅಂದುಕೊಳ್ಳಿ. ಮತ್ತೆ ಬನ್ನಿ.

ನಾದಿನಿ ನಗಲು ಶುರುಮಾಡಿದಳು. ಬಾಯಿಗೆ ಓಢಣಿ ಒತ್ತಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಆಕೆ ಕಕ್ಕೇರಾದಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು. ಅತ್ತೆಗೆ ಕಿಂಡಿಯೂ ತಿಳಿಯಲಿಲ್ಲ, ವರದಿಯೂ ತಿಳಿಯಲಿಲ್ಲ, ಮಗಳು ನಕ್ಕಳು ಅನ್ನುವುದು ತಿಳಿಯಿತು. ಅವರೂ ನಕ್ಕರು.

"ಕೇಳಿದ್ರ ಕೊಡ್ತಾರ ವೈನಿ" ಅಂದಳು ನಾದಿನಿ, ಕಣ್ಣು ಒರೆಸಿಕೊಳ್ಳುತ್ತಾ.

ಆ ಸೂಚನೆಯನ್ನು ಏಜೆಂಟಿನಿಂದ ತೆಗೆದುಹಾಕಿದೆವು. ಆಕೆಯ ಅಂಕಗಳು ಮಾತ್ರ ಸಾಧನದಲ್ಲಿ ಉಳಿದವು, ಬಹುಮಾನದ ಅಂಕಕ್ಕಿಂತ ಮೇಲೆ. ಯಾರು ಬೇಕಾದರೂ ಬಳಸಲಿ ಅಂತ ಅದನ್ನು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟೆವು.

ಚಳಿ ಶುರುವಾಗುವ ಹೊತ್ತಿಗೆ ಯಾದಗಿರಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಒಬ್ಬರು ಬೇಕಾಗಿದ್ದಾರೆ ಅಂತ ಗೊತ್ತಾಯಿತು. ಹುಡುಗಿಯರಿಗೆ ಈ ಕಿಂಡಿ ನೋಡುವ ಕೆಲಸವನ್ನೂ ಕಲಿಸುವಂಥವರು ಬೇಕಂತೆ. ನಾದಿನಿ ಫೋನಿನಲ್ಲೇ ಅವರಿಗೆ ನಮ್ಮ ಸಾಧನ ತೋರಿಸಿ ಮಾತಾಡಿದಳು. ಅವರಿಗೆ ಮನಸ್ಸಿಗೆ ಬಂತು. ಸೋಮವಾರ ಮೂಲ ಅಂಕಪಟ್ಟಿ ತಂದು ಸೇರಿಕೊಳ್ಳಿ ಅಂದರು.

ಆ ದಿನವೆಲ್ಲ ಆಕೆ ತೊಗರಿ ಆರಿಸಿದಳು. ನಾನು ಕೆದಕಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಂದಳು, "ವೈನಿ, ಕಕ್ಕೇರಾಕ್ಕ ಬರ್ತೀರೇನು ನನ್ನ ಸಂಗಾಟ?"

ಯಜಮಾನರು ಕಪ್ಪು ಕೆಳಗಿಟ್ಟು ಎದ್ದೇಬಿಟ್ಟರು. "ನಾ ಬರ್ತೀನಿ."

"ನೀ ಬ್ಯಾಡ ಅಣ್ಣಾ. ನೀ ಬಂದ್ರ ಜಗಳ ಆಗ್ತದ."

"ಈಕಿ ಬಂದ್ರ ಆಗಂಗಿಲ್ಲೇನು?" ಅಂತ ಅವರು ನನ್ನ ಕಡೆ ಕೈ ಮಾಡಿದರು.

"ವೈನಿ ಬಾಯಿ ತೆರಿಯಂಗಿಲ್ಲ. ಆಣಿ ಮಾಡ್ಯಾರ."

ನಾನು ಯಾವ ಆಣೆಯನ್ನೂ ಮಾಡಿರಲಿಲ್ಲ. ಆಕೆಯ ಮುಖ ನೋಡಿ ಅಲ್ಲಿಯೇ ಮಾಡಿದೆ. ಬಾಯಿ ತೆರೆಯುವುದಿಲ್ಲ, ಆ ಮನೆಯ ನೀರನ್ನೂ ಮುಟ್ಟುವುದಿಲ್ಲ ಅಂತ. ಎರಡನೆಯದು ನನ್ನ ಕಡೆಯಿಂದ ಸೇರಿಸಿದ್ದು.

ಹತ್ತಿ ಸುಗ್ಗಿ. ಸುರಪುರದ ದಾರಿಯಲ್ಲಿ ಲಾರಿಗಳಿಂದ ಹಾರಿದ ಹತ್ತಿ ಎರಡೂ ಬದಿಯ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಸುರಪುರದಲ್ಲಿ ನನ್ನ ತವರುಮನೆ, ಬಸ್‌ಸ್ಟ್ಯಾಂಡಿನಿಂದ ನಡೆದರೆ ಹತ್ತಿರವೇ. ಹೋಗಲಿಲ್ಲ. ಹೋದರೆ ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ, ನಮ್ಮ ಧೈರ್ಯ ಅಷ್ಟು ಗಟ್ಟಿ ಇರಲಿಲ್ಲ. ಕಕ್ಕೇರಾದ ಬಸ್ಸಿನಲ್ಲಿ ನಾದಿನಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಆಕೆಯ ಕೈ ಹಿಡಿದುಕೊಂಡೆ.

ಮನೆಯ ಮುಂದೆ ಹೋಗಿ ನಿಂತಾಗ ನೆತ್ತಿಯ ಮೇಲೆ ಬಿಸಿಲಿತ್ತು. ಬಾಗಿಲು ತೆರೆದೇ ಇತ್ತು. ನಾದಿನಿ ಕಟ್ಟೆಯ ಕೆಳಗೆ ನಿಂತು ಕರೆದಳು, "ಅತ್ತೀ."

ಆಕೆಯ ಹಳೆಯ ಅತ್ತೆ ಹೊರಗೆ ಬಂದಳು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಮುದುಕಿಯಾಗಿದ್ದಳು. ಹೊಸ್ತಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು. ಬರ್ರಿ ಅನ್ನಲಿಲ್ಲ.

"ನನ್ನ ಟ್ರಂಕು ಒಯ್ಯಾಕ ಬಂದೀನ್ರಿ" ಅಂದಳು ನಾದಿನಿ.

ಮುದುಕಿ ಒಳಗೆ ಹೋಗಿ ಟ್ರಂಕನ್ನು ಎಳೆದು ತಂದು ಕಟ್ಟೆಯ ಮೇಲಿಟ್ಟಳು. ಧೂಳು ಹಿಡಿದಿತ್ತು, ಕೀಲಿ ಹಾಗೇ ಇತ್ತು. ನಾದಿನಿ ಕುತ್ತಿಗೆಯ ದಾರದಿಂದ ಕೀಲಿಕೈ ತೆಗೆದಳು. ಅಲ್ಲಿಯವರೆಗೆ ಆ ದಾರದಲ್ಲಿ ಏನಿತ್ತು ಅಂತ ನನಗೂ ಗೊತ್ತಿರಲಿಲ್ಲ. ತೆರೆದು, ಸೀರೆಗಳ ಕೆಳಗಿನಿಂದ ಅಂಕಪಟ್ಟಿಗಳನ್ನು ತೆಗೆದು ನೋಡಿ, ತಿರುಗಿ ಇಟ್ಟು ಕೀಲಿ ಹಾಕಿದಳು.

"ಎಲ್ಲಾ ಅದನ?" ಅಂತ ಕೇಳಿದಳು ಮುದುಕಿ.

"ಅದರಿ."

ಅಲ್ಲಿಗೆ ಮುಗಿಯಬೇಕಿತ್ತು. ನಾನು ಟ್ರಂಕಿನ ಒಂದು ಹಿಡಿಗೆ ಕೈ ಹಾಕಿದೆ. ನಾದಿನಿ ಅಲುಗಾಡಲಿಲ್ಲ. ಮುದುಕಿ ಬಾಗಿಲಿಗೆ ಕೈಯಿಟ್ಟಿದ್ದಳು, ಮುಚ್ಚಲು.

"ಅತ್ತೀ" ಅಂದಳು ನಾದಿನಿ. "ಅವತ್ತ ಹಂಗೇ ಹೋದೆ. ಇವತ್ತ ನೀರು ಕೊಟ್ಟು ಕಳಸ್ರಿ."

ಮುದುಕಿ ಆಕೆಯನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಬರಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಸುರಪುರದ ಬೈಗುಳವೆಲ್ಲ ಬಂದು ನಿಂತಿತ್ತು, ಆಣೆ ನೆನಸಿಕೊಂಡು ಹಲ್ಲು ಕಚ್ಚಿದೆ. ನಡಿ ಹೋಗೋಣ ಅಂತ ಆಕೆಯ ತೋಳು ಮುಟ್ಟಿದೆ. ಆಕೆ ಬಾಗಿಲ ಕಡೆಯೇ ನೋಡುತ್ತಿದ್ದ ಹಾಗೆ ಒಳಗೆ ಪಾತ್ರೆಯ ಸದ್ದಾಯಿತು. ಮುದುಕಿ ತಂಬಿಗೆಯಲ್ಲಿ ನೀರು, ಒಂದು ಸಣ್ಣ ಬಟ್ಟಲಿನಲ್ಲಿ ಬೆಲ್ಲ ಹಿಡಿದು ಹೊಸ್ತಿಲು ದಾಟಿ ಬಂದಳು.

ನಾದಿನಿ ಎರಡೂ ಕೈಯಲ್ಲಿ ತಂಬಿಗೆ ಇಸಿದುಕೊಂಡು ಬೆಲ್ಲ ಬಾಯಿಗೆ ಹಾಕಿಕೊಂಡಳು. ಕುಡಿದಳು. ಅರ್ಧ ಕುಡಿದು ನನಗೆ ಕೊಟ್ಟಳು, "ವೈನಿ, ಕುಡೀರಿ."

ನನ್ನ ಎರಡನೆಯ ಆಣೆ ಅಲ್ಲಿಗೆ ಹೋಯಿತು. ಅಳುತ್ತಲೇ ಆ ನೀರು ಕುಡಿದೆ.

ಮುದುಕಿ ತಂಬಿಗೆ ತೆಗೆದುಕೊಳ್ಳುವಾಗ ನಾದಿನಿಯ ಮುಂಗೈಯನ್ನು ಒಮ್ಮೆ ಮುಟ್ಟಿದಳು. "ಸೊರಗೀದಿ" ಅಂದಳು. ಅಷ್ಟೇ ಅಂದದ್ದು. ಆದರೆ ನಾವು ಟ್ರಂಕು ಹೊತ್ತು ಓಣಿಯ ತಿರುವು ದಾಟುವ ತನಕ ಬಾಗಿಲು ಮುಚ್ಚಲಿಲ್ಲ. ನಾನು ತಿರುಗಿ ತಿರುಗಿ ನೋಡಿದ್ದೇನೆ, ಅದಕ್ಕೇ ಗೊತ್ತು.

ಬಸ್ಸಿನಲ್ಲಿ ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಕೂತ ಮೇಲೆ ಕೇಳಿದೆ, "ಆ ಮನಿಗಿ ಈಗ ಏನಂತ ಬರೀತೀದಿ?"

ಆಕೆ ಯೋಚಿಸಿದಳು. "ನೀರು ಕೊಟ್ಟು ಕಳಸಿದ್ರು" ಅಂದಳು. ಸ್ವಲ್ಪ ಹೊತ್ತಿಗೆ, "ಕೇಳಿದ ಮ್ಯಾಲ" ಅಂತ ಸೇರಿಸಿದಳು. ಅಂಕ ಕೊಡುವುದರಲ್ಲಿ ಆಕೆ ಯಾರಿಗೂ ಬಿಡುವವಳಲ್ಲ.

ಸೋಮವಾರ ಬೆಳಿಗ್ಗೆ ಆಕೆ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಅಂಕಪಟ್ಟಿಯ ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದಳು. ನಾನು ಬುತ್ತಿ ಕಟ್ಟುತ್ತಿದ್ದೆ. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ನಾದಿನಿ ಅವರ ಮುಂದೆ ಹೋಗಿ ಓಢಣಿಯ ಎರಡೂ ತುದಿ ಹಿಡಿದು ಅಗಲಿಸಿದಳು.

"ಯವ್ವಾ, ಹೊಂಟೀನಿ. ಉಡಿ ತುಂಬು."

ಗಂಡನ ಬಿಟ್ಟವಳಿಗೆ ಉಡಿ ತುಂಬಬಹುದೋ ಇಲ್ಲವೋ ಅಂತ ಓಣಿಯಲ್ಲಿ ಯಾರಾದರೂ ಕೇಳಿಯಾರು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಅತ್ತೆಗೆ ಹೊಳೆಯಲೇ ಇಲ್ಲ. ತಮ್ಮ ಟ್ರಂಕು ತೆರೆದು ಅದೇ ಖಣ ತೆಗೆದರು. ಡಬ್ಬಿಯನ್ನೇ ತಂದು ಬೊಗಸೆ ಬೊಗಸೆ ಅಕ್ಕಿ ಹಾಕತೊಡಗಿದರು. ಅರ್ಧ ಅಕ್ಕಿ ನೆಲಕ್ಕೆ ಬೀಳುತ್ತಿತ್ತು. ಓಢಣಿ ಜೋತುಬಿದ್ದರೂ ನಿಲ್ಲಿಸಲಿಲ್ಲ.

"ಸಾಕು ಬೇ! ಸಂಜಿಕ ವಾಪಸ್ ಬರ್ತೀನಿ. ಇಷ್ಟು ಅಕ್ಕಿ ಬಸ್ಸಿನ್ಯಾಗ ಹ್ಯಾಂಗ ಒಯ್ಯಲಿ?"

"ಒಯ್ಯಿ ಸುಮ್" ಅಂದರು ಅತ್ತೆ, ಅಳುತ್ತಾ.

ಉಡಿ ತುಂಬಿಸಿಕೊಂಡವರು ನಾಲ್ಕು ಕಾಳನ್ನು ಆ ಮನೆಯಲ್ಲೇ ತಿರುಗಿ ಬಿಟ್ಟು ಹೋಗಬೇಕು. ನಾದಿನಿ ಡಬ್ಬಿಗೆ ನಾಲ್ಕು ಕಾಳು ಹಾಕಿ, ಉಳಿದದ್ದನ್ನು ಬುತ್ತಿಯ ಚೀಲದಲ್ಲಿ ಕಟ್ಟಿಕೊಂಡು, ಅಣ್ಣನ ಗಾಡಿ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದಳು. ಆ ಅಕ್ಕಿ ಯಾದಗಿರಿಯ ತನಕ ಹೋಗಿ, ಕಾಲೇಜು ನೋಡಿಕೊಂಡು, ಸಂಜೆಯ ಬಸ್ಸಿಗೆ ಶಹಾಪುರಕ್ಕೆ ಬಂತು. ಆಕೆಯೇ ಅದಕ್ಕೆ ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ನಾವು ಹಿತ್ತಲಿನ ಬಾಗಿಲು ತೆರೆದಿಟ್ಟುಕೊಂಡು ಉಂಡೆವು. ತಟ್ಟೆಯಲ್ಲಿ ಒಂದು ಎಳೆ ಹತ್ತಿ ಬಂದು ಬಿತ್ತು, ಅತ್ತೆ ಅದನ್ನು ಬೆರಳಲ್ಲಿ ಎತ್ತಿ ಆಚೆಗಿಟ್ಟು ಮಗಳಿಗೆ ಇನ್ನೊಂದು ಸೌಟು ಬಡಿಸಿದರು.